ಎಪ್ಪತ್ತೈದು ವ್ಯಾಟಿನ ಗೆರೆ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿ, ಕಂಪನಿಗಳೂ ಕಚೇರಿಗಳೂ ಕೆಲವು ವರ್ಷ ಬಳಸಿ ಹೊರಹಾಕಿದ ಕಪ್ಪು ಡೆಸ್ಕ್‌ಟಾಪ್‌ಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಕಚೇರಿಯ ದಾಸ್ತಾನು ಸಂಖ್ಯೆಯ ಚೀಟಿ ಬೆನ್ನಿಗೆ ಇನ್ನೂ ಅಂಟಿಕೊಂಡೇ ಇರುವ ಆ ಯಂತ್ರಗಳು ಅಲ್ಲಿಂದ ವಿದ್ಯಾರ್ಥಿಗಳ ಕೋಣೆಗೆ, ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಗೆ, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗೆ ಸಾಗುತ್ತವೆ. ಟೈಪಿಂಗ್ ಮತ್ತು ಲೆಕ್ಕಪತ್ರದ ಕೆಲಸಕ್ಕೆ ಅವು ಇಂದಿಗೂ ಸಾಕಾಗುತ್ತವೆಯಾದರೂ, ಹೊಸ ಆಟವನ್ನೋ ಹೆಚ್ಚು ಸ್ಪಷ್ಟತೆಯ ವಿಡಿಯೊವನ್ನೋ ತೆರೆದೊಡನೆ ಪರದೆ ತಡವರಿಸತೊಡಗುತ್ತದೆ. ಆಗ ಹುಟ್ಟುವ ಪ್ರಶ್ನೆ, ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದೆ, ಹಾಕಿಸುವುದಾದರೆ ಯಾವುದನ್ನು ಎಂಬುದು.

ಕೊಳ್ಳುವವರು ಸಾಮಾನ್ಯವಾಗಿ ಉತ್ತರವನ್ನು ಕಾರ್ಡುಗಳ ವೇಗ ಮತ್ತು ಬೆಲೆಯ ಪಟ್ಟಿಯಲ್ಲಿ ಹುಡುಕುತ್ತಾರೆ. ಹತ್ತು ವರ್ಷ ದಾಟಿದ ಯಂತ್ರದ ವಿಷಯದಲ್ಲಿ ಆ ಪಟ್ಟಿಯನ್ನು ಕೊನೆಗೆ ನೋಡುವುದೇ ಲೇಸು; ಏಕೆಂದರೆ ವಿದ್ಯುತ್ತಿನ ಮಿತಿ, ಪೆಟ್ಟಿಗೆಯ ಅಳತೆ, ಮದರ್‌ಬೋರ್ಡಿನ ವಯಸ್ಸು ಇವು ಮೂರೂ ಸೇರಿ ಪಟ್ಟಿಯ ಬಹುಪಾಲು ಹೆಸರುಗಳನ್ನು ಮೊದಲೇ ಹೊಡೆದುಹಾಕಿರುತ್ತವೆ.

ಪೆಟ್ಟಿಗೆಯೊಳಗೆ ಇರುವುದೇನು

ನಮ್ಮ ಮನೆಗಳಲ್ಲಿ ಇಡೀ ತಗಡಿನ ಪೆಟ್ಟಿಗೆಯನ್ನೇ ‘ಸಿಪಿಯು’ ಎಂದು ಕರೆಯುವ ರೂಢಿಯಿದೆಯಾದರೂ ಆ ಹೆಸರು ನಿಜವಾಗಿ ಸಲ್ಲುವುದು ಒಳಗಿರುವ ಪ್ರೊಸೆಸರ್ ಎಂಬ ಒಂದು ಚಿಪ್ಪಿಗೆ ಮಾತ್ರ. ಪ್ರೊಸೆಸರ್ ಕೆಲವೇ ಬಲವಾದ ಕೋರ್‌ಗಳಿಂದ ಬಗೆಬಗೆಯ ಕೆಲಸಗಳನ್ನು ನಿಭಾಯಿಸಿದರೆ, ಗ್ರಾಫಿಕ್ಸ್ ಚಿಪ್ ನೂರಾರು ಅಥವಾ ಸಾವಿರಾರು ಸಣ್ಣ ಘಟಕಗಳಿಂದ ಒಂದೇ ಬಗೆಯ ಲೆಕ್ಕವನ್ನು ಪರದೆಯ ಲಕ್ಷಾಂತರ ಬಿಂದುಗಳಿಗೆ ಒಟ್ಟಿಗೇ ಮಾಡುತ್ತದೆ. 1999ರಲ್ಲಿ ಎನ್‌ವಿಡಿಯಾ ಕಂಪನಿ ‘ಜಿಫೋರ್ಸ್ 256’ ಎಂಬ ಕಾರ್ಡನ್ನು ಹೊರತಂದಾಗ ಇಂಥ ಚಿಪ್ಪಿಗೆ ‘ಜಿಪಿಯು’ ಎಂಬ ಹೆಸರನ್ನು ಬಳಸಿ ಪ್ರಚಾರ ಮಾಡಿತು. ಹೆಸರು ಅಲ್ಲಿಂದ ನಿಂತಿತು.

ಕಚೇರಿಯ ಡೆಸ್ಕ್‌ಟಾಪ್‌ಗಳಲ್ಲಿ ಪ್ರತ್ಯೇಕ ಕಾರ್ಡ್ ಇರುವುದು ಅಪರೂಪ. ಉದಾಹರಣೆಗೆ, ಹಳೆಯ ಯಂತ್ರಗಳ ಮಾರುಕಟ್ಟೆಯಲ್ಲಿ ಚೆನ್ನಾಗಿ ಪರಿಚಿತವಾಗಿರುವ, 2013ರಲ್ಲಿ ಬಂದ ಡೆಲ್ ಆಪ್ಟಿಪ್ಲೆಕ್ಸ್ 9020 ಮಾದರಿಯನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರ್ ಇರುತ್ತದೆ. ಚಿತ್ರ ಬಿಡಿಸುವ ಭಾಗವೂ ಆ ಪ್ರೊಸೆಸರ್‌ನೊಳಗೇ ಅಡಗಿದ್ದು, ತನ್ನದೇ ಮೆಮೊರಿ ಇಲ್ಲದ ಕಾರಣ ಯಂತ್ರದ ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಇಂದು ಯೂಟ್ಯೂಬ್ ಹೆಚ್ಚಾಗಿ ಬಳಸುವ ವಿಪಿ9, ಎವಿ1 ಎಂಬ ವಿಡಿಯೊ ಸಂಕೋಚನ ವಿಧಾನಗಳನ್ನು ಬಿಚ್ಚುವ ಪೂರ್ಣ ಪ್ರಮಾಣದ ಸರ್ಕ್ಯೂಟ್ ಅದರಲ್ಲಿಲ್ಲವಾದ್ದರಿಂದ ಆ ಹೊರೆಯೂ ಪ್ರೊಸೆಸರ್‌ನ ತಲೆಯ ಮೇಲೇ ಬೀಳುತ್ತದೆ.

ಎಸ್‌ಎಂಪಿಎಸ್ ಚೀಟಿಯನ್ನು ಓದುವ ಬಗೆ

ಮೊದಲ ಪರೀಕ್ಷೆ ವಿದ್ಯುತ್ತಿನದು. ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿ ಕೊಡುವ ಪೆಟ್ಟಿಗೆಯನ್ನು ಅಂಗಡಿಗಳಲ್ಲಿ ‘ಎಸ್‌ಎಂಪಿಎಸ್’ ಎನ್ನುತ್ತಾರೆ. ಕಾರ್ಡಿಗೂ ಪ್ರೊಸೆಸರ್‌ಗೂ ಬೇಕಾಗುವುದು ಬಹುತೇಕ 12 ವೋಲ್ಟ್ ವಿದ್ಯುತ್ತೇ ಆದ್ದರಿಂದ, ಮೇಲೆ ದಪ್ಪಕ್ಷರದಲ್ಲಿ ಬರೆದ ಒಟ್ಟು ವ್ಯಾಟ್‌ಗಿಂತ ಚೀಟಿಯಲ್ಲಿ 12 ವೋಲ್ಟ್ ಎದುರು ನಮೂದಾದ ಆಂಪಿಯರ್ ಸಂಖ್ಯೆ ಹೆಚ್ಚು ಸತ್ಯ ಹೇಳುತ್ತದೆ. ಆ ಸಂಖ್ಯೆಯನ್ನು 12ರಿಂದ ಗುಣಿಸಿದರೆ ಕಾರ್ಡಿನ ಲೆಕ್ಕಕ್ಕೆ ಒದಗುವ ವ್ಯಾಟ್ ಸಿಗುತ್ತದೆ: ‘500 ವ್ಯಾಟ್’ ಎಂದು ಮಾರುವ ಅಗ್ಗದ ಪೆಟ್ಟಿಗೆಯ ಚೀಟಿಯಲ್ಲಿ 18 ಆಂಪಿಯರ್ ಎಂದಷ್ಟೇ ಇದ್ದರೆ ನಿಜವಾಗಿ ಸಿಗುವುದು 216 ವ್ಯಾಟ್. ಕಚೇರಿಯ ಬ್ರ್ಯಾಂಡೆಡ್ ಯಂತ್ರದ 290 ವ್ಯಾಟ್‌ನ ಪೆಟ್ಟಿಗೆ, ಅಸೆಂಬಲ್ ಮಾಡಿದ ಯಂತ್ರದ ‘500 ವ್ಯಾಟ್’ ಪೆಟ್ಟಿಗೆಗಿಂತ ಗಟ್ಟಿಯಾಗಿರುವ ಪ್ರಸಂಗಗಳು ಇರುವುದು ಇದೇ ಕಾರಣಕ್ಕೆ.

ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದನೆಯ ಸೀಳಿಗೆ ‘ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್’ ಎಂದು ಹೆಸರು. ಈ ಸ್ಲಾಟ್ ಕಾರ್ಡಿಗೆ ಗರಿಷ್ಠ 75 ವ್ಯಾಟ್ ಕೊಡಬಹುದೆಂದು ಅದರ ನಿಯಮಾವಳಿ ಹೇಳುತ್ತದೆ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಮತ್ತೊಂದು ತಂತಿ ಬರಬೇಕು. ಆರು ಪಿನ್ನಿನ ತಂತಿಯಾದರೆ ಇನ್ನೂ 75 ವ್ಯಾಟ್, ಎಂಟು ಪಿನ್ನಿನದಾದರೆ 150 ವ್ಯಾಟ್ ಅದಕ್ಕೆ ಸೇರುತ್ತದೆ. ಆಪ್ಟಿಪ್ಲೆಕ್ಸ್ 9020ರ ಎತ್ತರದ ಮಾದರಿಯಲ್ಲಿ 290 ವ್ಯಾಟ್‌ನ, ತೆಳು ಮಾದರಿಯಲ್ಲಿ 255 ವ್ಯಾಟ್‌ನ ಎಸ್‌ಎಂಪಿಎಸ್ ಇರುತ್ತದೆ. ಕಚೇರಿಗೆಂದು ರೂಪಿಸಿದ ಇಂಥ ಯಂತ್ರಗಳಲ್ಲಿ ಕಾರ್ಡಿಗೆ ಬೇಕಾದ ಆ ಹೆಚ್ಚುವರಿ ತಂತಿಯನ್ನು ಸಾಮಾನ್ಯವಾಗಿ ಕೊಟ್ಟಿರುವುದಿಲ್ಲ. ಹೀಗಾಗಿ ತಂತಿ ಬೇಡದ, 75 ವ್ಯಾಟ್ ದಾಟದ ಕಾರ್ಡುಗಳ ಸಾಲಿನಲ್ಲೇ ಆಯ್ಕೆ ನಡೆಯಬೇಕಾಗುತ್ತದೆ.

ಲೆಕ್ಕ ಹಾಕಿ ನೋಡಿದರೆ ಈ ಗೆರೆಯ ಅರ್ಥ ಸ್ಪಷ್ಟವಾಗುತ್ತದೆ. ಅದೇ ಯಂತ್ರದ ಐ5-4570 ಪ್ರೊಸೆಸರ್ 84 ವ್ಯಾಟ್‌ನದು. ಮದರ್‌ಬೋರ್ಡ್, ಡಿಸ್ಕ್, ಫ್ಯಾನ್‌ಗಳಿಗೆ ಸುಮಾರು 45 ವ್ಯಾಟ್ ಎಂದು ಹಿಡಿದು, 75 ವ್ಯಾಟ್‌ನ ಕಾರ್ಡನ್ನು ಸೇರಿಸಿದರೆ ಒಟ್ಟು 204 ಆಗುತ್ತದೆ, 290ರೊಳಗೆ ಉಸಿರಾಡಲು ಜಾಗ ಉಳಿಯುತ್ತದೆ. ಕಾರ್ಡಿನ ಜಾಗದಲ್ಲಿ ಹಳೆಯ ಮಾಲಿನ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವ, 185 ವ್ಯಾಟ್‌ನ ಎಎಂಡಿ ಆರ್‌ಎಕ್ಸ್ 580 ಅನ್ನು ಇಟ್ಟರೆ ಮೊತ್ತ 314ಕ್ಕೆ ಏರುತ್ತದೆ. ಹೇಗೋ ತಂತಿ ಹೊಂದಿಸಿದರೆ ಯಂತ್ರ ಆನ್ ಆಗಬಹುದು, ಡೆಸ್ಕ್‌ಟಾಪ್ ಕೂಡ ಕಾಣಿಸಬಹುದು. ಆಟ ಬಿರುಸಾದ ಗಳಿಗೆಯಲ್ಲಿ ತಟ್ಟನೆ ಆರಿಹೋಗುವ ಅಪಾಯ ಮಾತ್ರ ಇದ್ದೇ ಇರುತ್ತದೆ.

ಇಂಥಲ್ಲಿ ‘ಒಂದು ಕನ್ವರ್ಟರ್ ಹಾಕಿದರಾಯಿತು’ ಎಂಬ ಸಲಹೆ ಧಾರಾಳವಾಗಿ ಕೇಳಿಬರುತ್ತದೆ. ಹಾರ್ಡ್‌ಡಿಸ್ಕಿಗೆ ವಿದ್ಯುತ್ ಕೊಡುವ ಸಾಟಾ ತಂತಿಯನ್ನು ಆರು ಪಿನ್ನಿಗೆ ಬದಲಿಸುವ ಈ ತುಂಡು ಅಗ್ಗವಾಗಿ ಸಿಗುತ್ತದೆ. ಆದರೆ ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ತಾಳಬಲ್ಲದ್ದು 4.5 ಆಂಪಿಯರ್, ಅಂದರೆ 54 ವ್ಯಾಟ್ ಮಾತ್ರ, ಇತ್ತ ಆರು ಪಿನ್ನಿನ ಬಾಯಿ 75 ವ್ಯಾಟ್ ಕೇಳಬಹುದು. ಮಿತಿ ಮೀರಿದ ಕರೆಂಟು ಹರಿದಾಗ ಕನೆಕ್ಟರ್ ಕಾದು ಪ್ಲಾಸ್ಟಿಕ್ ಕರಗಬಹುದು. ಎಸ್‌ಎಂಪಿಎಸ್ ಅನ್ನೇ ಬದಲಿಸುವ ದಾರಿ ಇದಕ್ಕಿಂತ ಎಷ್ಟೋ ಮೇಲು, ಆದರೆ ಅದೂ ಎಲ್ಲ ಯಂತ್ರಕ್ಕೂ ಸುಲಭವಲ್ಲ: ಸಾಮಾನ್ಯ ಮದರ್‌ಬೋರ್ಡುಗಳಿಗೆ 24 ಪಿನ್ನಿನ ಮುಖ್ಯ ತಂತಿ ಬೇಕಾದರೆ ಆಪ್ಟಿಪ್ಲೆಕ್ಸ್ 9020ರಲ್ಲಿ ಎಂಟು ಪಿನ್ನಿನ ಬೇರೆಯೇ ವ್ಯವಸ್ಥೆಯಿದ್ದು ಅದಕ್ಕೆ ಹೊಂದುವ ಅಡಾಪ್ಟರ್ ಹುಡುಕಬೇಕಾಗುತ್ತದೆ, ತೆಳು ಪೆಟ್ಟಿಗೆಗಳಲ್ಲಂತೂ ಎಸ್‌ಎಂಪಿಎಸ್‌ನ ಆಕಾರವೇ ಬೇರೆ.

ಕರೆಂಟು ಹೋಗುವ ಊರುಗಳಲ್ಲಿ ಯುಪಿಎಸ್‌ನ ಲೆಕ್ಕವನ್ನೂ ಇದಕ್ಕೆ ಸೇರಿಸಬೇಕು. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ನಿಜವಾಗಿ ಕೊಡುವುದು 360 ವ್ಯಾಟ್‌ನ ಆಸುಪಾಸು ಮಾತ್ರ. ಅದಕ್ಕೆ ಮಾನಿಟರ್ ಕೂಡ ಜೋತುಬಿದ್ದಿರುವುದರಿಂದ, ದೊಡ್ಡ ಕಾರ್ಡ್ ಹಾಕಿದ ಮೇಲೆ ಕರೆಂಟು ಹೋದಾಗ ಫೈಲ್ ಸೇವ್ ಮಾಡುವಷ್ಟು ಹೊತ್ತೂ ಅದು ಎಳೆಯದಿರಬಹುದು.

ಹದಿನಾರು ದಾರಿ, ನಾಲ್ಕೇ ಗಾಡಿ

ಸ್ಲಾಟ್ ಬಗ್ಗೆ ಜನರಿಗಿರುವ ಭಯ ಬಹುಮಟ್ಟಿಗೆ ಅನಗತ್ಯವಾದದ್ದು. 1997ರ ಹೊತ್ತಿಗೆ ಬಂದ ಎಜಿಪಿ ಎಂಬ ಸ್ಲಾಟ್ ಉಳ್ಳ ಯಂತ್ರಕ್ಕೆ ಇಂದಿನ ಯಾವ ಕಾರ್ಡೂ ಹೊಂದುವುದಿಲ್ಲ ಎಂಬುದು ನಿಜ. ಆದರೆ 2003ರಲ್ಲಿ ಮೊದಲ ನಿಯಮಾವಳಿ ಹೊರಬಂದ ಪಿಸಿಐ ಎಕ್ಸ್‌ಪ್ರೆಸ್ ತನ್ನ ಆಕಾರವನ್ನು ಇಂದಿಗೂ ಬದಲಿಸಿಲ್ಲ. ನಾಲ್ಕನೆಯ ಆವೃತ್ತಿಯ ಕಾರ್ಡ್ ಮೂರನೆಯ ಆವೃತ್ತಿಯ ಸ್ಲಾಟಿನಲ್ಲಿ ಕೂತು, ಎರಡರಲ್ಲಿ ನಿಧಾನವಾದುದರ ವೇಗಕ್ಕೆ ತಾನೇ ಹೊಂದಿಕೊಂಡು ನಡೆಯುತ್ತದೆ.

ತೊಡಕು ಇರುವುದು ದಾರಿಗಳ ಸಂಖ್ಯೆಯಲ್ಲಿ. ಸ್ಲಾಟಿನ ಮೂಲಕ ಕಾರ್ಡಿಗೂ ಪ್ರೊಸೆಸರ್‌ಗೂ ನಡುವೆ ಮಾಹಿತಿ ಓಡಾಡುವ ಸಮಾನಾಂತರ ಜಾಡುಗಳನ್ನು ‘ಲೇನ್’ ಎನ್ನುತ್ತಾರೆ. ಪೂರ್ಣ ಸ್ಲಾಟಿನಲ್ಲಿ ಅವು ಹದಿನಾರು. ಎರಡನೆಯ ಆವೃತ್ತಿಯಲ್ಲಿ ಒಂದು ಲೇನ್ ಸೆಕೆಂಡಿಗೆ 500 ಮೆಗಾಬೈಟ್ ಸಾಗಿಸಿದರೆ ಮೂರನೆಯದರಲ್ಲಿ ಸುಮಾರು 985, ನಾಲ್ಕನೆಯದರಲ್ಲಿ ಅದರ ಇಮ್ಮಡಿ ಸಾಗಿಸುತ್ತದೆ. ಅಗ್ಗದ ಹೊಸ ಕಾರ್ಡುಗಳಲ್ಲಿ ಕೆಲವನ್ನು ತಯಾರಕರು ಎಂಟು ಅಥವಾ ನಾಲ್ಕೇ ಲೇನ್‌ಗಳಿಗೆ ಮಿತಗೊಳಿಸಿದ್ದಾರೆ, ಸ್ಲಾಟ್ ಹದಿನಾರರದೇ ಆಗಿದ್ದರೂ ಉಳಿದ ಜಾಡುಗಳು ಖಾಲಿ ಬೀಳುತ್ತವೆ.

2022ರಲ್ಲಿ ಬಂದ ಎಎಂಡಿ ಆರ್‌ಎಕ್ಸ್ 6400 ಇದರ ವಿಚಿತ್ರ ನಿದರ್ಶನ. ಕೇವಲ 53 ವ್ಯಾಟ್ ಬೇಡುವ, ತೆಳು ಪೆಟ್ಟಿಗೆಗೂ ಹೊಂದುವ ಅಳತೆಯಲ್ಲಿ ಸಿಗುವ ಈ ಕಾರ್ಡ್ ಹಳೆಯ ಕಚೇರಿ ಯಂತ್ರಕ್ಕೆಂದೇ ಹುಟ್ಟಿದಂತೆ ತೋರುತ್ತದೆ. ಆದರೆ ಅದಕ್ಕಿರುವುದು ನಾಲ್ಕೇ ಲೇನ್. ಹೊಸ ಮದರ್‌ಬೋರ್ಡಿನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ದಾರಿ ಸಿಕ್ಕರೆ, 2013ರ ಯಂತ್ರದ ಮೂರನೆಯ ಆವೃತ್ತಿಯಲ್ಲಿ 4, ಇಂಟೆಲ್‌ನ ಎರಡನೆಯ ತಲೆಮಾರಿನ 2011ರ ಯಂತ್ರಗಳಲ್ಲಿ 2 ಗಿಗಾಬೈಟ್ ಮಾತ್ರ ಸಿಗುತ್ತದೆ. ಆಟದ ಚಿತ್ರಸಾಮಗ್ರಿ ಕಾರ್ಡಿನ ಸ್ವಂತ 4 ಗಿಗಾಬೈಟ್ ಮೆಮೊರಿಯೊಳಗೆ ಹಿಡಿಸುವವರೆಗೂ ಈ ಕೊರತೆ ಅಷ್ಟಾಗಿ ಕಾಡುವುದಿಲ್ಲ. ತುಂಬಿ ತುಳುಕಿದೊಡನೆ ಉಳಿದದ್ದನ್ನು ಯಂತ್ರದ ರ‍್ಯಾಮ್‌ನಿಂದ ಇದೇ ಕಿರುದಾರಿಯಲ್ಲಿ ತರಿಸಿಕೊಳ್ಳಬೇಕಾಗಿ ಬಂದು ಆಟ ಎಡವುತ್ತದೆ. ಹಳೆಯ ಯಂತ್ರಕ್ಕೆ ಮೈ ಒಪ್ಪಿದರೂ ಮನಸ್ಸು ಒಪ್ಪದ ಕಾರ್ಡ್ ಇದು.

ಅಳತೆಪಟ್ಟಿ ಹಿಡಿದು

ಅಳತೆಯ ಮಾತು ಚಿಕ್ಕದು, ಆದರೆ ಮರೆತರೆ ಕಾರ್ಡನ್ನು ವಾಪಸು ಹೊತ್ತು ತರಬೇಕಾಗುತ್ತದೆ. ಪೂರ್ಣ ಎತ್ತರದ ಕಾರ್ಡ್ 111 ಮಿಲಿಮೀಟರ್ ಇದ್ದರೆ ‘ಲೋ ಪ್ರೊಫೈಲ್’ ಎಂಬ ಗಿಡ್ಡ ಕಾರ್ಡ್ ಸುಮಾರು 69 ಮಿಲಿಮೀಟರ್ ಇರುತ್ತದೆ. ತೆಳು ಕ್ಯಾಬಿನೆಟ್ಟಿಗೆ ಎರಡನೆಯದೇ ಆಗಬೇಕು ಮತ್ತು ಅದರ ಜೊತೆ ಗಿಡ್ಡ ಬ್ರ್ಯಾಕೆಟ್ ಎಂಬ ತಗಡಿನ ಪಟ್ಟಿಯೂ ಇರಬೇಕು. ಹೀಟ್‌ಸಿಂಕ್ ದಪ್ಪವಾಗಿ ಎರಡು ಸ್ಲಾಟಿನಷ್ಟು ಜಾಗ ಬೇಡುವ ಕಾರ್ಡುಗಳಿವೆ; ಕೆಲವು ತೆಳು ಯಂತ್ರಗಳಲ್ಲಿ ಮುಖ್ಯ ಸ್ಲಾಟ್ ಎಸ್‌ಎಂಪಿಎಸ್‌ಗೆ ಅಂಟಿಕೊಂಡಂತೆ ಇರುವುದರಿಂದ ಅಲ್ಲಿ ಒಂದೇ ಸ್ಲಾಟ್ ದಪ್ಪದ ಕಾರ್ಡ್ ಮಾತ್ರ ಕೂರುತ್ತದೆ.

ಕೂಪನ್ ಕೌಂಟರ್ ಮತ್ತು ಕಾವಲಿ

ವಿದ್ಯುತ್ತೂ ಅಳತೆಯೂ ಒದಗಿಬಂದ ಮೇಲೂ ಪ್ರೊಸೆಸರ್‌ನ ಪ್ರಶ್ನೆ ಉಳಿಯುತ್ತದೆ. ಆಟದ ಪ್ರತಿಯೊಂದು ಫ್ರೇಮ್ ಅಥವಾ ಚೌಕಟ್ಟಿಗೂ ಎಲ್ಲಿ ಯಾವ ವಸ್ತುವಿದೆ, ಯಾರು ಎತ್ತ ಚಲಿಸಿದರು ಎಂಬುದನ್ನು ಪ್ರೊಸೆಸರ್ ಲೆಕ್ಕ ಹಾಕಿ, ಏನೇನು ಬಿಡಿಸಬೇಕೆಂಬ ಆದೇಶಪಟ್ಟಿಯನ್ನು ಕಾರ್ಡಿಗೆ ಕೊಡುತ್ತದೆ. ಕಾರ್ಡ್ ಅದನ್ನು ಬಿಡಿಸುತ್ತದೆ. ದರ್ಶಿನಿಯಲ್ಲಿ ಕೂಪನ್ ಕೊಡುವವನು ಒಬ್ಬನೇ ಇದ್ದು ಅವನ ಕೈ ನಿಧಾನವಾಗಿದ್ದರೆ, ಒಳಗೆ ಮೂರು ಕಾವಲಿ ಕಾದಿದ್ದರೂ ಗಿರಾಕಿಗಳಿಗೆ ದೋಸೆ ಬೇಗ ಸಿಗುವುದಿಲ್ಲ. ಹಾಗೆಯೇ ಸೆಕೆಂಡಿಗೆ ಅರವತ್ತು ಪಟ್ಟಿ ಮಾತ್ರ ಸಿದ್ಧಪಡಿಸಬಲ್ಲ ಪ್ರೊಸೆಸರ್‌ನ ಪಕ್ಕದಲ್ಲಿ ನೂರಿಪ್ಪತ್ತು ಚೌಕಟ್ಟು ಬಿಡಿಸಬಲ್ಲ ಕಾರ್ಡನ್ನು ಕೂರಿಸಿದರೆ ಅರ್ಧ ಹಣ ಸುಮ್ಮನೆ ಕೂತಿರುತ್ತದೆ.

ಮಾನಿಟರ್ ಕೂಡ ಈ ಲೆಕ್ಕದ ಒಳಗಿನದೇ. ಹಳೆಯ ಮಾನಿಟರುಗಳಲ್ಲಿ ಸಾಮಾನ್ಯವಾದ 1366×768 ಪರದೆಯಲ್ಲಿ ಸುಮಾರು 10.5 ಲಕ್ಷ ಬಿಂದುಗಳಿದ್ದರೆ ಫುಲ್ ಎಚ್‌ಡಿ ಪರದೆಯಲ್ಲಿ 20.7 ಲಕ್ಷ, 4ಕೆ ಪರದೆಯಲ್ಲಿ 83 ಲಕ್ಷದಷ್ಟಿರುತ್ತವೆ. ಬಿಂದುಗಳು ಹೆಚ್ಚಿದಷ್ಟೂ ಕಾರ್ಡಿನ ಕೆಲಸ ಹೆಚ್ಚುತ್ತದೆ, ಪ್ರೊಸೆಸರ್‌ನದು ಅಷ್ಟಾಗಿ ಹೆಚ್ಚುವುದಿಲ್ಲ. ಆದುದರಿಂದ ಚಿಕ್ಕ ಪರದೆಗೆ ದೊಡ್ಡ ಕಾರ್ಡ್ ತರುವುದು ದುಪ್ಪಟ್ಟು ದುಂದು. ಇನ್ನು ಸ್ಟುಡಿಯೊದ ಎಡಿಟಿಂಗ್‌ನಲ್ಲಿ ತಡವರಿಕೆಯ ಮೂಲ ಎಷ್ಟೋ ಸಲ ತಿರುಗುವ ಹಾರ್ಡ್‌ಡಿಸ್ಕ್ ಮತ್ತು 4 ಗಿಗಾಬೈಟ್ ರ‍್ಯಾಮ್ ಆಗಿರುತ್ತದೆ. ಅಂಥಲ್ಲಿ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸದೆ ಕಾರ್ಡ್ ಹಾಕಿಸುವುದು ಕಾಲುನೋವಿಗೆ ಕನ್ನಡಕ ಕೊಡಿಸಿದಂತೆ.

ಕಾರ್ಡ್ ಕೂತ ಮೇಲೂ ಕಪ್ಪು ಪರದೆ

ಯಂತ್ರ ಆನ್ ಆದೊಡನೆ, ವಿಂಡೋಸ್ ಏಳುವ ಮೊದಲೇ, ಬಿಡಿಭಾಗಗಳನ್ನು ಗುರುತಿಸಿ ಎಬ್ಬಿಸುವ ಪುಟ್ಟ ತಂತ್ರಾಂಶ ಮದರ್‌ಬೋರ್ಡಿನಲ್ಲಿರುತ್ತದೆ. ಹಳೆಯ ಪದ್ಧತಿಯದಕ್ಕೆ ಬಯಾಸ್ ಎಂದೂ ಹೊಸದಕ್ಕೆ ಯುಇಎಫ್‌ಐ ಎಂದೂ ಹೆಸರು. 2012ರ ಆಸುಪಾಸಿನ ಬ್ರ್ಯಾಂಡೆಡ್ ಯಂತ್ರಗಳು ಈ ಎರಡು ಪದ್ಧತಿಗಳ ಸಂಧಿಕಾಲದಲ್ಲಿ ಹುಟ್ಟಿದವಾದ್ದರಿಂದ, ಅವುಗಳಲ್ಲಿ ಕೆಲವು ಹೊಸ ಕಾರ್ಡನ್ನು ಗುರುತಿಸದೆ ಪರದೆಯನ್ನು ಕಪ್ಪಾಗಿಯೇ ಬಿಡುತ್ತವೆ. ಕಾರ್ಡ್ ಕೊಳ್ಳುವ ಮೊದಲೇ ತಯಾರಕರ ತಾಣದಿಂದ ಕೊನೆಯ ಬಯಾಸ್ ಅಪ್‌ಡೇಟ್ ಹಾಕಿಸಿಟ್ಟುಕೊಳ್ಳುವುದು ಅದಕ್ಕೆ ಇರುವ ಮೊದಲ ಉಪಾಯ.

ಇಂಟೆಲ್ 2022ರಲ್ಲಿ ತಂದ ಆರ್ಕ್ ಸರಣಿಯ ಕಾರ್ಡುಗಳಿಗೆ ಬೇರೆಯದೇ ಷರತ್ತಿದೆ. ಹಳೆಯ ಯಂತ್ರಗಳಲ್ಲಿ ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಒಂದು ಸಲಕ್ಕೆ 256 ಮೆಗಾಬೈಟ್‌ನ ಕಿಂಡಿಯಿಂದ ಮಾತ್ರ ನೋಡುತ್ತದೆ. ಇಡೀ ಮೆಮೊರಿಯನ್ನು ಒಮ್ಮೆಗೇ ತೆರೆದಿಡುವ ‘ರಿಸೈಜ಼ಬಲ್ ಬಾರ್’ ಎಂಬ ಸೌಲಭ್ಯವಿಲ್ಲದೆ ಆರ್ಕ್ ಕಾರ್ಡುಗಳು ಮುಗ್ಗರಿಸುತ್ತವೆ. ಆ ಸೌಲಭ್ಯಕ್ಕಾಗಿ ಇಂಟೆಲ್ ತನ್ನದೇ ಹತ್ತನೆಯ ತಲೆಮಾರಿನ ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಇರಲಿ ಎನ್ನುತ್ತದೆ. 75 ವ್ಯಾಟ್‌ನ ಆರ್ಕ್ ಎ380 ಕಾಗದದ ಮೇಲೆ ಆಕರ್ಷಕವಾಗಿದ್ದರೂ ನಾಲ್ಕನೆಯ ತಲೆಮಾರಿನ ಯಂತ್ರಕ್ಕೆ ತರುವಂಥದ್ದಲ್ಲ.

ಕಾರ್ಡಿಗೂ ವಿಂಡೋಸ್‌ಗೂ ನಡುವೆ ದುಭಾಷಿಯಾಗಿ ನಿಲ್ಲುವ ತಂತ್ರಾಂಶ ‘ಡ್ರೈವರ್’. ಕಾರ್ಡ್ ಹಳತಾದಂತೆ ತಯಾರಕರು ಹೊಸ ಡ್ರೈವರ್ ಬರೆಯುವುದನ್ನು ನಿಲ್ಲಿಸುತ್ತಾರೆ: 2014ರ ಜಿಟಿಎಕ್ಸ್ 750 ಟಿಐ, 2016ರ ಜಿಟಿಎಕ್ಸ್ 1050 ಟಿಐ ಸೇರಿದ ಎರಡು ತಲೆಮಾರಿನ ಕಾರ್ಡುಗಳಿಗೆ ಎನ್‌ವಿಡಿಯಾ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ಮುಗಿಸಿ, 2028ರವರೆಗೆ ಭದ್ರತಾ ಪರಿಷ್ಕರಣೆಗಳನ್ನಷ್ಟೇ ಉಳಿಸಿಕೊಂಡಿತು. ಅದೇ ತಿಂಗಳ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಕೊನೆಗೊಂಡಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳನ್ನು ಬಹುತೇಕ ಅಧಿಕೃತವಾಗಿ ಒಪ್ಪುವುದಿಲ್ಲ. ಕಾರ್ಡ್ ಹೊಸದಾದರೂ ಯಂತ್ರಕ್ಕೆ ಇನ್ನೆಷ್ಟು ಆಯುಸ್ಸಿದೆ ಎಂಬುದು ಇಲ್ಲಿ ಬೆಲೆಯ ಭಾಗವಾಗುತ್ತದೆ. ಲಿನಕ್ಸ್‌ಗೆ ಹೊರಳುವ ಮನಸ್ಸಿದ್ದವರಿಗೆ, ಅದರ ತಿರುಳಾದ ಕರ್ನೆಲ್‌ನಲ್ಲೇ ಮುಕ್ತ ಡ್ರೈವರ್ ಇರುವ ಎಎಂಡಿ ಕಾರ್ಡ್ ಹೆಚ್ಚು ನೆಮ್ಮದಿ ತರುತ್ತದೆ.

ಜರಡಿಯಲ್ಲಿ ಉಳಿದವು

ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವ ಹೆಸರುಗಳು ಬೆರಳೆಣಿಕೆಯವು. ವಿಡಿಯೊ ನೋಡುವುದಕ್ಕೆ, ಎರಡು ಮಾನಿಟರ್ ಜೋಡಿಸುವುದಕ್ಕೆ 30 ವ್ಯಾಟ್‌ನ ಎನ್‌ವಿಡಿಯಾ ಜಿಟಿ 1030 ಸಾಕು. ಆದರೆ 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಕಾರ್ಡ್ ಬಂದಿತು, ಅದರ ಮೆಮೊರಿ ಸೆಕೆಂಡಿಗೆ 48 ಗಿಗಾಬೈಟ್‌ನ ಬದಲು 16.8 ಗಿಗಾಬೈಟ್ ಮಾತ್ರ ಸಾಗಿಸುತ್ತದೆ. ಪೆಟ್ಟಿಗೆಯ ಮೇಲೆ ಮೊದಲಿನ ವೇಗದ ಮೆಮೊರಿಯಾದ ‘ಜಿಡಿಡಿಆರ್5’ ಎಂದಿರುವುದನ್ನು ಓದಿಯೇ ಹಣ ಕೊಡಬೇಕು. ಆಟಕ್ಕಾದರೆ 2019ರ ಜಿಟಿಎಕ್ಸ್ 1650 ಹಳೆಯ ಯಂತ್ರಕ್ಕೆ ಹೆಚ್ಚು ಸಮಂಜಸವಾದದ್ದು: 75 ವ್ಯಾಟ್, ಹದಿನಾರೂ ಲೇನ್, ಇನ್ನೂ ನಿಲ್ಲದ ಡ್ರೈವರ್. ಇದೇ ಕಾರ್ಡನ್ನು ಕೆಲವು ತಯಾರಕರು ಆರು ಪಿನ್ನಿನ ಬಾಯಿ ಇಟ್ಟು ಮಾರಿರುವುದರಿಂದ ಅದರ ಅಂಚನ್ನು ಕಣ್ಣಾರೆ ನೋಡುವುದು ಅಗತ್ಯ. 2024ರ ಫೆಬ್ರುವರಿಯಲ್ಲಿ ಬಂದ, 70 ವ್ಯಾಟ್‌ನ ಆರ್‌ಟಿಎಕ್ಸ್ 3050ರ 6 ಗಿಗಾಬೈಟ್ ಆವೃತ್ತಿ ಇದಕ್ಕಿಂತ ವೇಗದ್ದು, ಎವಿ1 ವಿಡಿಯೊವನ್ನೂ ಬಿಚ್ಚಬಲ್ಲದು. ಆದರೆ ನಾಲ್ಕನೆಯ ತಲೆಮಾರಿನ ಪ್ರೊಸೆಸರ್ ಅದರ ಕಾವಲಿಗೆ ತಕ್ಕಷ್ಟು ಕೂಪನ್ ಕೊಡಲಾರದು. ಮುಂದೆ ಯಂತ್ರವನ್ನೇ ಬದಲಿಸಿ ಕಾರ್ಡನ್ನು ಉಳಿಸಿಕೊಳ್ಳುವ ಯೋಚನೆಯಿದ್ದವರಿಗೆ ಅದು ಸಲ್ಲುತ್ತದೆ.

ಕಾರ್ಡಿನ ಪೂರ್ವಾಶ್ರಮ

ಬಳಸಿದ ಕಾರ್ಡ್ ಕೊಳ್ಳುವಾಗ ಅದರ ಹಿಂದಿನ ಬದುಕನ್ನು ಊಹಿಸಬೇಕಾಗುತ್ತದೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ಜಾಲ ತನ್ನ ವಿಧಾನ ಬದಲಿಸಿ ಗ್ರಾಫಿಕ್ಸ್ ಕಾರ್ಡುಗಳ ‘ಗಣಿಗಾರಿಕೆ’ಯನ್ನು ಕೈಬಿಟ್ಟಾಗ, ಹಗಲಿರುಳು ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ, ಫ್ಯಾನ್ ಸವೆದಿರಬಹುದು, ಥರ್ಮಲ್ ಪೇಸ್ಟ್ ಒಣಗಿರಬಹುದು, ಅಷ್ಟೆ. ಆದರೆ ಪಿ106-100 ಎಂಬ ಗಣಿಗಾರಿಕೆಯ ಕಾರ್ಡಿಗೆ ಮಾನಿಟರ್ ಜೋಡಿಸುವ ಕಿಂಡಿಯೇ ಇಲ್ಲ ಎಂಬುದು ಮನೆಗೆ ಬಂದ ಮೇಲೆ ತಿಳಿದರೆ ತಡವಾಗಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಹೆಸರು ಬದಲಿಸಿದ ಕಾರ್ಡುಗಳ ಹಾವಳಿ. ಹಲವು ವರ್ಷ ಹಳೆಯ ಅಗ್ಗದ ಕಾರ್ಡಿನ ಒಳತಂತ್ರಾಂಶವನ್ನು ತಿದ್ದಿ, ಯಂತ್ರಕ್ಕೆ ಅದು ‘ಜಿಟಿಎಕ್ಸ್ 1050 ಟಿಐ’ ಎಂದು ಹೇಳಿಕೊಳ್ಳುವಂತೆ ಮಾಡಿ ಮಾರುತ್ತಾರೆ. ಜಿಪಿಯು-ಜ಼ಡ್ ಎಂಬ ಉಚಿತ ತಂತ್ರಾಂಶ 2018ರಿಂದ ಇಂಥ ಎನ್‌ವಿಡಿಯಾ ಕಾರ್ಡುಗಳನ್ನು ನಕಲಿ ಎಂದು ತೋರಿಸುತ್ತದೆ. ಅದಿಲ್ಲದಿದ್ದರೂ ಒಂದು ಗುರುತಿದೆ: ನಿಜವಾದ 1050 ಟಿಐ ತಲೆಮಾರಿನಿಂದಲೇ ಎನ್‌ವಿಡಿಯಾ ಹಳೆಯ ಅನಲಾಗ್ ಸಂಕೇತವನ್ನು ಕೈಬಿಟ್ಟಿದೆ, ಆದುದರಿಂದ ಆ ಹೆಸರಿನ ಕಾರ್ಡಿನ ಬೆನ್ನಲ್ಲಿ ಹದಿನೈದು ಪಿನ್ನಿನ ನೀಲಿ ವಿಜಿಎ ಕಿಂಡಿ ಕಂಡರೆ ಅನುಮಾನಿಸಬೇಕು.

ಅದೇ ಕಾರಣಕ್ಕೆ ವಿಜಿಎ ಮಾತ್ರ ಇರುವ ಹಳೆಯ ಮಾನಿಟರಿಗೆ, ಸಂಕೇತವನ್ನೇ ಮಾರ್ಪಡಿಸುವ ಚಿಪ್ ಇರುವ ‘ಆ್ಯಕ್ಟಿವ್’ ಕನ್ವರ್ಟರ್ ಬೇಕಾಗುತ್ತದೆ. ತಂತಿಯ ಆಕಾರವನ್ನಷ್ಟೇ ಬದಲಿಸುವ ಅಗ್ಗದ ತುಂಡಿನಿಂದ ಚಿತ್ರ ಬರುವುದಿಲ್ಲ. ಕಾರ್ಡನ್ನು ಸರಿಯಾಗಿ ಕೂರಿಸಿಯೂ ಪರದೆ ಕಪ್ಪಾಗಿದೆ ಎಂದು ಪೆಟ್ಟಿಗೆಯನ್ನು ಅಂಗಡಿಗೆ ಹೊತ್ತು ತರುವವರಲ್ಲಿ ಕೆಲವರ ವಿಷಯದಲ್ಲಂತೂ ದೋಷ ಇನ್ನೂ ಸರಳವಾದದ್ದು: ಮಾನಿಟರಿನ ಕೇಬಲ್ ಹೊಸ ಕಾರ್ಡಿನ ಕಿಂಡಿಗೆ ಬಾರದೆ, ಮೊದಲಿನಂತೆ ಮದರ್‌ಬೋರ್ಡಿನ ಕಿಂಡಿಯಲ್ಲೇ ಸಿಕ್ಕಿಕೊಂಡಿರುತ್ತದೆ.